ವಿಷುಯಲ್ ಸ್ಟುಡಿಯೊದಲ್ಲಿ ಎಸ್‌ಡಿಎಲ್3 ಸೆಟಪ್: ಹೆಡರ್‌ನಿಂದ ಡಿಎಲ್‌ಎಲ್‌ವರೆಗೆ ಸಮಗ್ರ ಮಾರ್ಗದರ್ಶಿ

ಒಂದು ವಿಂಡೋ ತೆರೆಯಬೇಕು, ಅದರಲ್ಲಿ ಬಣ್ಣ ತುಂಬಬೇಕು, ಕೀಬೋರ್ಡ್ ಒತ್ತಿದರೆ ಏನಾದರೂ ಆಗಬೇಕು, ಜೊತೆಗೆ ಸ್ವಲ್ಪ ಸದ್ದೂ ಬರಬೇಕು. ಸಿ ಪ್ಲಸ್ ಪ್ಲಸ್ ಭಾಷೆಯ ಜೊತೆಗೇ ಬರುವ ಲೈಬ್ರರಿಯಲ್ಲಿ ಇದ್ಯಾವುದೂ ಇಲ್ಲ. ಆಪರೇಟಿಂಗ್ ಸಿಸ್ಟಮ್‌ನ ಹತ್ತಿರ ನೇರವಾಗಿ ಕೇಳಲು ಹೋದರೆ ವಿಂಡೋಸ್‌ಗೆ ಒಂದು ರೀತಿ, ಲಿನಕ್ಸ್‌ಗೆ ಇನ್ನೊಂದು, ಮ್ಯಾಕ್‌ಗೆ ಮತ್ತೊಂದು. ಈ ತಲೆನೋವು ತಪ್ಪಿಸುವ ಲೈಬ್ರರಿಗಳಲ್ಲಿ ಎಸ್‌ಡಿಎಲ್ ಹಳೆಯದು, ಗಟ್ಟಿಯಾದದ್ದು. ಸ್ಯಾಮ್ ಲ್ಯಾಂಟಿಂಗ ಇದನ್ನು 1998ರಲ್ಲಿ ಶುರು ಮಾಡಿದರು. ಪೂರ್ತಿ ಹೆಸರು ಸಿಂಪಲ್ ಡೈರೆಕ್ಟ್‌ಮೀಡಿಯಾ ಲೇಯರ್. ಮೂರನೇ ಪೀಳಿಗೆಯ ಮೊದಲ ಸ್ಥಿರ ಆವೃತ್ತಿ 3.2.0 ಬಂದದ್ದು 2025ರ ಜನವರಿಯಲ್ಲಿ. ಲೈಸೆನ್ಸ್ ಝಡ್‌ಲಿಬ್, ಅಂದರೆ ಮಾರುವ ಸಾಫ್ಟ್‌ವೇರ್‌ನಲ್ಲೂ ಧಾರಾಳವಾಗಿ ಬಳಸಬಹುದು.

ಇದನ್ನು ವಿಷುಯಲ್ ಸ್ಟುಡಿಯೊ 2022ರಲ್ಲಿ ಕೂರಿಸುವುದು ಹೇಗೆ ಅಂತ ನೋಡೋಣ. ಹೆಸರು ಒಂದೇ ತರ ಇದ್ದರೂ ವಿಷುಯಲ್ ಸ್ಟುಡಿಯೊ ಕೋಡ್ ಬೇರೆ, ಅದಕ್ಕೆ ಈ ಮೆನುಗಳು ಹೊಂದುವುದಿಲ್ಲ. ಫೈಲ್, ಮೆನು, ಫಂಕ್ಷನ್ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು, ಅದು ಹೇಳಬೇಕಾಗಿಲ್ಲ ಅಲ್ವಾ?

## ಯಾವ ಫೈಲನ್ನು ಯಾರು ಹುಡುಕುತ್ತಾರೆ

ಇದೊಂದು ಸ್ಪಷ್ಟವಾದರೆ ಉಳಿದದ್ದೆಲ್ಲ ಸಲೀಸು. ಇದು ಗೊತ್ತಿಲ್ಲದೆ ಸುಮ್ನೆ ಹೆಜ್ಜೆಗಳನ್ನು ನಕಲು ಮಾಡಿದರೆ ಮೊದಲ ಎರರ್ ಬಂದಾಗಲೇ ಕೈಕಟ್ಟಿ ಕೂರಬೇಕಾಗುತ್ತದೆ.

ಎಸ್‌ಡಿಎಲ್ ನಿಮ್ಮ ಕೈಗೆ ಮೂರು ಬಗೆಯ ಫೈಲುಗಳಾಗಿ ಬರುತ್ತದೆ. ಮೊದಲನೆಯದು ಹೆಡರ್ ಫೈಲುಗಳು. ಯಾವ ಫಂಕ್ಷನ್ ಇದೆ, ಅದಕ್ಕೆ ಏನೇನು ಕೊಡಬೇಕು ಅಂತ ಇವು ಹೇಳುತ್ತವೆ. ಇವನ್ನು ಓದುವುದು ಕಂಪೈಲರ್, ಅಂದರೆ ನಿಮ್ಮ ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಪ್ರೋಗ್ರಾಂ. ಎರಡನೆಯದು ಎಸ್‌ಡಿಎಲ್3.ಲಿಬ್. ಇದನ್ನು ಕೇಳುವುದು ಲಿಂಕರ್, ಅಂದರೆ ಕಂಪೈಲ್ ಆದ ತುಂಡುಗಳನ್ನು ಜೋಡಿಸಿ ಎಕ್ಸಿ ಫೈಲ್ ಮಾಡುವ ಪ್ರೋಗ್ರಾಂ. ಎಸ್‌ಡಿಎಲ್‌ನ ನಿಜವಾದ ಕೋಡ್ ಈ ಫೈಲಿನಲ್ಲೂ ಇಲ್ಲ. ಯಾವ ಫಂಕ್ಷನ್ ಯಾವ ಡಿಎಲ್‌ಎಲ್‌ನಲ್ಲಿದೆ ಅನ್ನೋ ಪಟ್ಟಿ ಅಷ್ಟೇ ಇದರೊಳಗಿದೆ. ಮೂರನೆಯದು ಎಸ್‌ಡಿಎಲ್3.ಡಿಎಲ್‌ಎಲ್. ಕೆಲಸ ಮಾಡುವ ಕೋಡ್ ಇರುವುದು ಇಲ್ಲಿ. ಇದನ್ನು ಹುಡುಕುವುದು ವಿಂಡೋಸ್, ಅದೂ ಪ್ರೋಗ್ರಾಂ ಶುರುವಾಗುವ ಕ್ಷಣದಲ್ಲಿ.

ಹಾಗಾಗಿ ಏನೇ ಎರರ್ ಬಂದರೂ ಮೊದಲು ಕೇಳಬೇಕಾದ ಪ್ರಶ್ನೆ: ಇದನ್ನು ಹೇಳಿದವರು ಯಾರು? ಕಂಪೈಲರಾ, ಲಿಂಕರಾ, ವಿಂಡೋಸಾ? ಎರರ್ ಸಂಖ್ಯೆ ಸಿ ಅಕ್ಷರದಿಂದ ಶುರುವಾದರೆ ಕಂಪೈಲರ್, ಎಲ್‌ಎನ್‌ಕೆ ಅಂತ ಶುರುವಾದರೆ ಲಿಂಕರ್, ಬಿಲ್ಡ್ (ಕಂಪೈಲ್, ಲಿಂಕ್ ಎರಡೂ) ಸರಿಯಾಗಿ ಆಗಿ ಆಮೇಲೆ ಒಂದು ಪೆಟ್ಟಿಗೆ ಎದ್ದು ಬಂದರೆ ವಿಂಡೋಸ್.

## ಡೌನ್‌ಲೋಡ್: ಸರಿಯಾದ ಜಿಪ್ ಆರಿಸಿ

ಗಿಟ್‌ಹಬ್‌ನಲ್ಲಿ ಎಸ್‌ಡಿಎಲ್ ಯೋಜನೆಯ ರಿಲೀಸಸ್ ಪುಟಕ್ಕೆ ಹೋಗಿ. ಒಂದೇ ಆವೃತ್ತಿಗೆ ಅಲ್ಲಿ ಹಲವು ಜಿಪ್‌ಗಳಿರುತ್ತವೆ. ನಿಮಗೆ ಬೇಕಾದದ್ದು ಹೆಸರಿನಲ್ಲಿ ಡೆವೆಲ್ ಮತ್ತು ವಿಸಿ ಎರಡೂ ಇರುವ ಜಿಪ್. ವಿಸಿ ಅಂದರೆ ವಿಷುಯಲ್ ಸಿ ಪ್ಲಸ್ ಪ್ಲಸ್‌ಗೆ ಹೊಂದುವಂಥದ್ದು. ಮಿಂಗ್‌ಡಬ್ಲ್ಯೂ ಅಂತಿರುವುದು ಜಿಸಿಸಿ ಕಂಪೈಲರ್ ಬಳಸುವವರಿಗೆ. ಡೆವೆಲ್ ಅಂತಿಲ್ಲದೆ ಬರೀ ವಿನ್32 ಅಂತಿರುವ ಜಿಪ್‌ನಲ್ಲಿ ಡಿಎಲ್‌ಎಲ್ ಇರುತ್ತದೆ, ಹೆಡರ್ ಇರುವುದಿಲ್ಲ. ಅದು ಪ್ರೋಗ್ರಾಂ ಓಡಿಸುವವರಿಗೆ, ಬರೆಯುವವರಿಗಲ್ಲ.

ಜಿಪ್ ಬಿಚ್ಚಿದ ಮೇಲೆ ಒಳಗೆ ಇಣುಕಿ ನೋಡಿ. ಇನ್‌ಕ್ಲೂಡ್ ಅನ್ನೋ ಫೋಲ್ಡರ್, ಲಿಬ್ ಅನ್ನೋ ಫೋಲ್ಡರ್ ಇರಬೇಕು. ಲಿಬ್ ಒಳಗೆ ಎಕ್ಸ್64, ಎಕ್ಸ್86 ಅಂತ ಬೇರೆ ಬೇರೆ ಫೋಲ್ಡರ್‌ಗಳಿವೆ. 64 ಬಿಟ್ ಪ್ರೋಗ್ರಾಂಗೆ ಮೊದಲನೆಯದು, 32 ಬಿಟ್‌ಗೆ ಎರಡನೆಯದು. ಲಿಬ್ ಫೈಲೂ ಡಿಎಲ್‌ಎಲ್ ಫೈಲೂ ಇಲ್ಲೇ ಜೊತೆಯಾಗಿ ಕೂತಿರುತ್ತವೆ. ವಿಂಡೋಸ್‌ನ ಎಕ್ಸ್‌ಟ್ರ್ಯಾಕ್ಟ್ ಆಲ್ ಬಳಸಿದರೆ ಫೋಲ್ಡರ್ ಒಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಹುಟ್ಟುವುದುಂಟು. ಪಾತ್ ಕೊಡುವಾಗ ಅದನ್ನು ಗಮನಿಸಿ.

ಎಲ್ಲಿ ಇಡಬೇಕು? ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಂತೂ ಬೇಡ. ನನ್ನ ಆಯ್ಕೆ ಸಲ್ಯೂಷನ್ (ಪ್ರಾಜೆಕ್ಟ್‌ಗಳನ್ನು ಒಟ್ಟಿಗಿಡುವ ಹೊರ ಕವಚ, ಮುಂದಿನ ಹೆಜ್ಜೆಯಲ್ಲಿ ಪ್ರಾಜೆಕ್ಟ್ ಜೊತೆಗೇ ಹುಟ್ಟುತ್ತದೆ) ಫೋಲ್ಡರ್‌ನ ಒಳಗೇ, ಎಕ್ಸ್‌ಟರ್ನಲ್ ಅಂತ ಒಂದು ಫೋಲ್ಡರ್ ಮಾಡಿ, ಅದರಲ್ಲಿ ಎಸ್‌ಡಿಎಲ್3 ಅನ್ನೋ ಹೆಸರಲ್ಲಿ. ಇಡೀ ಸಲ್ಯೂಷನ್ ಬೇರೆ ಡ್ರೈವ್‌ಗೆ ಹೋದರೂ, ಬೇರೆಯವರ ಕಂಪ್ಯೂಟರ್‌ಗೆ ಹೋದರೂ ಪಾತ್ ಕೆಡುವುದಿಲ್ಲ.

## ಪ್ರಾಜೆಕ್ಟ್ ಮಾಡಿ, ಮೊದಲು ಒಂದು ಖಾಲಿ ಫೈಲ್ ಸೇರಿಸಿ

ವಿಷುಯಲ್ ಸ್ಟುಡಿಯೊ ಇನ್‌ಸ್ಟಾಲ್ ಮಾಡುವಾಗ ಡೆಸ್ಕ್‌ಟಾಪ್ ಡೆವಲಪ್‌ಮೆಂಟ್ ವಿತ್ ಸಿ ಪ್ಲಸ್ ಪ್ಲಸ್ ಅನ್ನೋ ಭಾಗವನ್ನು ಟಿಕ್ ಮಾಡಿರಬೇಕು. ಕಮ್ಯುನಿಟಿ ಆವೃತ್ತಿ ಉಚಿತ, ಕಲಿಯಲು ಅದು ಧಾರಾಳ ಸಾಕು. ಹೊಸ ಪ್ರಾಜೆಕ್ಟ್‌ಗೆ ಎಂಪ್ಟಿ ಪ್ರಾಜೆಕ್ಟ್ ಆರಿಸಿ.

ಈಗ ನೇರವಾಗಿ ಪ್ರಾಪರ್ಟೀಸ್ ತೆರೆದರೆ ಎಡಗಡೆ ಪಟ್ಟಿಯಲ್ಲಿ ಸಿ/ಸಿ ಪ್ಲಸ್ ಪ್ಲಸ್ ಅನ್ನೋ ಸಾಲೇ ಕಾಣುವುದಿಲ್ಲ. ಪ್ರಾಜೆಕ್ಟ್‌ನಲ್ಲಿ ಒಂದಾದರೂ ಸಿಪಿಪಿ ಫೈಲ್ ಇದ್ದರೆ ಮಾತ್ರ ಅದು ಬರುತ್ತದೆ. ಅದಕ್ಕೇ ಮೊದಲು ಮೇನ್.ಸಿಪಿಪಿ ಅಂತ ಖಾಲಿ ಫೈಲ್ ಸೇರಿಸಿ. ಇಷ್ಟು ಸಣ್ಣ ವಿಷಯಕ್ಕೆ ಮೆನು ಪೂರ್ತಿ ತಡಕಾಡಿದವರು ಜಾಸ್ತಿ ಜನ ಇದ್ದಾರೆ.

ಪ್ರಾಜೆಕ್ಟ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಸಲ್ಯೂಷನ್ ಹೆಸರಿನ ಮೇಲಲ್ಲ, ಅದರ ಕೆಳಗಿರುವ ಪ್ರಾಜೆಕ್ಟ್ ಮೇಲೆ. ತೆರೆದ ಕೂಡಲೇ ಕಣ್ಣು ಹೋಗಬೇಕಾದದ್ದು ಮೇಲಿನ ಎರಡು ಪೆಟ್ಟಿಗೆಗಳ ಕಡೆ. ಕಾನ್ಫಿಗರೇಷನ್‌ಗೆ ಆಲ್ ಕಾನ್ಫಿಗರೇಷನ್ಸ್ ಕೊಡಿ, ಪ್ಲಾಟ್‌ಫಾರ್ಮ್‌ಗೆ ಎಕ್ಸ್64 ಕೊಡಿ. ನೀವು ಮಾಡುವ ಬದಲಾವಣೆ ಈ ಎರಡು ಪೆಟ್ಟಿಗೆಯಲ್ಲಿ ಏನಿದೆಯೋ ಅದಕ್ಕಷ್ಟೇ ಅನ್ವಯಿಸುತ್ತದೆ. ಡೀಬಗ್‌ಗೆ (ತಪ್ಪು ಹುಡುಕಲು ಮಾಡುವ ಬಿಲ್ಡ್) ಮಾತ್ರ ಸೆಟ್ ಮಾಡಿ, ಮುಂದೊಂದು ದಿನ ರಿಲೀಸ್‌ಗೆ (ಹಂಚಲು ಮಾಡುವ ಬಿಲ್ಡ್) ಬದಲಿಸಿದಾಗ "ನಿನ್ನೆವರೆಗೂ ಸರಿ ಇತ್ತಲ್ಲ" ಅಂತ ತಲೆ ಕೆರೆದುಕೊಳ್ಳುವುದು ಇದರಿಂದಲೇ. ವಿಷುಯಲ್ ಸ್ಟುಡಿಯೊದ ಮುಖ್ಯ ಟೂಲ್‌ಬಾರ್‌ನಲ್ಲೂ ಎಕ್ಸ್64 ಇದೆಯಾ ನೋಡಿ. ಪ್ರಾಪರ್ಟೀಸ್‌ನ ಪೆಟ್ಟಿಗೆ ಬೇರೆ, ನಿಜವಾಗಿ ಬಿಲ್ಡ್ ಆಗುವುದನ್ನು ಹೇಳುವ ಟೂಲ್‌ಬಾರ್ ಪೆಟ್ಟಿಗೆ ಬೇರೆ.

## ಕಂಪೈಲರ್‌ಗೆ ಹೆಡರ್ ದಾರಿ

ಸಿ/ಸಿ ಪ್ಲಸ್ ಪ್ಲಸ್, ಜನರಲ್, ಅಡಿಷನಲ್ ಇನ್‌ಕ್ಲೂಡ್ ಡೈರೆಕ್ಟರೀಸ್. ಆ ಸಾಲಿನ ಕೊನೆಯ ಬಾಣ ಒತ್ತಿ ಎಡಿಟ್ ಆರಿಸಿದರೆ ಸಣ್ಣ ವಿಂಡೋ ಬರುತ್ತದೆ. ಅಲ್ಲಿ ಮ್ಯಾಕ್ರೋಸ್ ಅನ್ನೋ ಬಟನ್ ಇದೆ. ಮ್ಯಾಕ್ರೋ ಅಂದರೆ ಪಾತ್‌ನಂಥ ಒಂದು ಬೆಲೆಗೆ ಇಟ್ಟ ಹೆಸರು. ಒತ್ತಿದರೆ ಎಲ್ಲ ಮ್ಯಾಕ್ರೋಗಳೂ, ಅವುಗಳ ಈಗಿನ ಬೆಲೆಯೂ ಕಾಣುತ್ತವೆ. ಸಲ್ಯೂಷನ್‌ಡಿರ್ ಅನ್ನೋದನ್ನು ಆರಿಸಿ, ಅದರ ಮುಂದೆ ಎಕ್ಸ್‌ಟರ್ನಲ್, ಎಸ್‌ಡಿಎಲ್3, ಇನ್‌ಕ್ಲೂಡ್ ಅಂತ ಬ್ಯಾಕ್‌ಸ್ಲ್ಯಾಶ್‌ಗಳಿಂದ ಜೋಡಿಸಿ. ಸಲ್ಯೂಷನ್‌ಡಿರ್‌ನ ಬೆಲೆ ಬ್ಯಾಕ್‌ಸ್ಲ್ಯಾಶ್‌ನಲ್ಲೇ ಮುಗಿಯುತ್ತದೆ. ಹಾಗಾಗಿ ಅದರ ಬೆನ್ನಿಗೆ ಮತ್ತೊಂದು ಬೇಡ.

ಎಲ್ಲಿಗೆ ನಿಲ್ಲಿಸಬೇಕು ಅನ್ನೋದು ಇಲ್ಲಿ ಮುಖ್ಯ. ಇನ್‌ಕ್ಲೂಡ್ ಫೋಲ್ಡರ್ ಒಳಗೆ ಮತ್ತೆ ಎಸ್‌ಡಿಎಲ್3 ಅನ್ನೋ ಫೋಲ್ಡರ್ ಇದೆ, ಹೆಡರ್‌ಗಳೆಲ್ಲ ಅದರೊಳಗಿವೆ. ಪಾತ್ ಅಲ್ಲಿವರೆಗೆ ಹೋಗಬಾರದು, ಇನ್‌ಕ್ಲೂಡ್‌ಗೇ ನಿಲ್ಲಬೇಕು. ಯಾಕಂದರೆ ಕೋಡ್‌ನಲ್ಲಿ ನೀವು ಬರೆಯುವುದು ಎಸ್‌ಡಿಎಲ್3 ಸ್ಲ್ಯಾಶ್ ಎಸ್‌ಡಿಎಲ್.ಎಚ್ ಅಂತ. ಕಂಪೈಲರ್ ನೀವು ಕೊಟ್ಟ ಪಾತ್‌ಗೆ ಇದನ್ನು ಅಂಟಿಸಿ ಹುಡುಕುತ್ತದೆ. ಎಸ್‌ಡಿಎಲ್2ರ ವಿಸಿ ಜಿಪ್‌ನಲ್ಲಿ ಹೆಡರ್‌ಗಳು ನೇರವಾಗಿ ಇನ್‌ಕ್ಲೂಡ್ ಒಳಗೇ ಇದ್ದವು. ಹಳೆಯ ಪಾಠ ನೋಡಿ ಹೊಸ ಲೈಬ್ರರಿ ಹಾಕಿದರೆ ಸಿ1083 ಎರರ್ ಬರುವುದು ಇದೇ ಕಾರಣಕ್ಕೆ.

ಸರಿಯಾಯಿತಾ ಅಂತ ತಿಳಿಯಲು ಬಿಲ್ಡ್ ಕೂಡ ಮಾಡಬೇಕಿಲ್ಲ. ಮೇನ್.ಸಿಪಿಪಿಯಲ್ಲಿ ಇನ್‌ಕ್ಲೂಡ್ ಸಾಲನ್ನು ಬರೆಯಿರಿ. ಕೆಂಪು ಗೆರೆ ಬರದಿದ್ದರೆ ದಾರಿ ಸರಿ. ಕೆಳಗೆ ಎಸ್‌ಡಿಎಲ್ ಅಂತ ಬರೆದು ಅಂಡರ್‌ಸ್ಕೋರ್ ಹಾಕಿದ ಕೂಡಲೇ ಫಂಕ್ಷನ್‌ಗಳ ಉದ್ದ ಪಟ್ಟಿ ಇಳಿದರೆ ಇನ್ನೂ ಖಾತ್ರಿ.

## ಲಿಂಕರ್‌ಗೆ ಎರಡು ಮಾತು

ಲಿಂಕರ್‌ಗೆ ಎರಡು ವಿಷಯ ಹೇಳಬೇಕು: ಎಲ್ಲಿ ಹುಡುಕಬೇಕು, ಯಾವುದನ್ನು ಹುಡುಕಬೇಕು. ಲಿಂಕರ್, ಜನರಲ್, ಅಡಿಷನಲ್ ಲೈಬ್ರರಿ ಡೈರೆಕ್ಟರೀಸ್‌ನಲ್ಲಿ ಲಿಬ್ ಒಳಗಿನ ಎಕ್ಸ್64 ಫೋಲ್ಡರ್‌ನ ಪಾತ್ ಕೊಡಿ, ಮೊದಲಿನಂತೆಯೇ ಸಲ್ಯೂಷನ್‌ಡಿರ್ ಇಂದ ಶುರು ಮಾಡಿ. ಆಮೇಲೆ ಲಿಂಕರ್, ಇನ್‌ಪುಟ್, ಅಡಿಷನಲ್ ಡಿಪೆಂಡೆನ್ಸೀಸ್‌ಗೆ ಬನ್ನಿ. ಅಲ್ಲಿ ಈಗಾಗಲೇ ಏನಾದರೂ ಇದ್ದರೆ ಅಳಿಸಬೇಡಿ. ಅದಕ್ಕಿಂತ ಮೊದಲು, ಸಾಲಿನ ಶುರುವಿನಲ್ಲೇ, ಎಸ್‌ಡಿಎಲ್3.ಲಿಬ್ ಅಂತ ಬರೆದು ಸೆಮಿಕೋಲನ್ ಹಾಕಿ. ಎಸ್‌ಡಿಎಲ್2ರಲ್ಲಿ ಇದರ ಜೊತೆಗೆ ಎಸ್‌ಡಿಎಲ್2ಮೇನ್.ಲಿಬ್ ಕೂಡ ಬೇಕಿತ್ತು. ಮೂರರಲ್ಲಿ ಅದು ಇಲ್ಲವೇ ಇಲ್ಲ, ಹುಡುಕಬೇಡಿ.

ಲಿಂಕರ್, ಸಿಸ್ಟಮ್, ಸಬ್‌ಸಿಸ್ಟಮ್ ಅನ್ನೋ ಆಯ್ಕೆಯೂ ಇದೆ. ಕನ್ಸೋಲ್ ಅಂತಿಟ್ಟರೆ ನಿಮ್ಮ ವಿಂಡೋ ಜೊತೆಗೆ ಒಂದು ಕಪ್ಪು ಕನ್ಸೋಲ್ ಕೂಡ ತೆರೆಯುತ್ತದೆ. ವಿಂಡೋಸ್ ಅಂತಿಟ್ಟರೆ ತೆರೆಯುವುದಿಲ್ಲ. ಕಲಿಯುವಾಗ ಕನ್ಸೋಲ್ ಇರಲಿ. ಎರರ್ ಸಂದೇಶ ಬರೆಸಿ ನೋಡಲು ಒಂದು ಜಾಗ ಸಿಗುತ್ತದೆ.

## ಡಿಎಲ್‌ಎಲ್: ಬಿಲ್ಡ್ ಆದರೂ ಓಡದಿದ್ದರೆ

ಎಕ್ಸಿ ಫೈಲ್ ಎಲ್ಲಿದೆಯೋ ಅದರ ಪಕ್ಕದಲ್ಲೇ ಡಿಎಲ್‌ಎಲ್ ಇರಬೇಕು. ವಿಂಡೋಸ್ ಮೊದಲು ಹುಡುಕುವ ಜಾಗಗಳಲ್ಲಿ ಅದು ಒಂದು. ಎಕ್ಸ್64 ಬಿಲ್ಡ್ ಆದರೆ ಎಕ್ಸಿ ಹುಟ್ಟುವುದು ಸಲ್ಯೂಷನ್ ಫೋಲ್ಡರ್‌ನೊಳಗೆ ಎಕ್ಸ್64, ಅದರೊಳಗೆ ಡೀಬಗ್ ಅಥವಾ ರಿಲೀಸ್‌ನಲ್ಲಿ. ಸಿಸ್ಟಮ್32 ಫೋಲ್ಡರ್‌ಗೆ ಡಿಎಲ್‌ಎಲ್ ಎಸೆಯಿರಿ ಅನ್ನೋ ಸಲಹೆ ಎಲ್ಲಾದರೂ ಕಂಡರೆ ಕಿವಿಗೊಡಬೇಡಿ. ಆಗ ನಿಮ್ಮ ಕಂಪ್ಯೂಟರ್‌ನಲ್ಲಿ ಎಲ್ಲ ಓಡುತ್ತದೆ, ಪ್ರೋಗ್ರಾಂ ಜೊತೆ ಡಿಎಲ್‌ಎಲ್ ಕಳಿಸಬೇಕು ಅನ್ನೋದು ಮರೆತೇ ಹೋಗುತ್ತದೆ.

ಕೈಯಲ್ಲಿ ಕಾಪಿ ಮಾಡಿದರೂ ನಡೆಯುತ್ತದೆ. ಆದರೆ ಬಿಲ್ಡ್ ಫೋಲ್ಡರ್ ಅಳಿಸಿದಾಗ ಅದೂ ಹೋಗುತ್ತದೆ. ಅದಕ್ಕಿಂತ ಬಿಲ್ಡ್ ಇವೆಂಟ್ಸ್, ಪೋಸ್ಟ್-ಬಿಲ್ಡ್ ಇವೆಂಟ್, ಕಮ್ಯಾಂಡ್ ಲೈನ್‌ಗೆ ಹೋಗಿ ಒಂದು ಎಕ್ಸ್‌ಕಾಪಿ ಆಜ್ಞೆ ಬರೆದಿಡಿ. ಎಕ್ಸ್‌ಕಾಪಿ, ಅದರ ಮುಂದೆ ಸ್ಲ್ಯಾಶ್ ವೈ ಮತ್ತು ಸ್ಲ್ಯಾಶ್ ಡಿ, ಆಮೇಲೆ ಡಿಎಲ್‌ಎಲ್‌ನ ಪೂರ್ತಿ ಪಾತ್, ಕೊನೆಗೆ ಎಕ್ಸಿ ಹುಟ್ಟುವ ಫೋಲ್ಡರ್ ಹೇಳುವ ಔಟ್‌ಡಿರ್ ಅನ್ನೋ ಮ್ಯಾಕ್ರೋ. ಎರಡೂ ಪಾತ್‌ಗಳು ಡಬಲ್ ಕೋಟ್ ಒಳಗಿರಲಿ. ಇಲ್ಲದಿದ್ದರೆ ಫೋಲ್ಡರ್ ಹೆಸರಿನಲ್ಲಿ ಒಂದು ಸ್ಪೇಸ್ ಇದ್ದರೂ ಆಜ್ಞೆ ಮುರಿಯುತ್ತದೆ. ವೈ ಇದ್ದರೆ ಹಳೆಯದರ ಮೇಲೆ ಬರೆಯಲೇ ಅಂತ ಕೇಳುವುದಿಲ್ಲ. ಡಿ ಇದ್ದರೆ ಹೊಸದಾಗಿದ್ದರೆ ಮಾತ್ರ ಕಾಪಿ ಆಗುತ್ತದೆ.

ಒಂದು ವಿಚಿತ್ರ ಗೊಂದಲ ಇಲ್ಲಿದೆ. ವಿಷುಯಲ್ ಸ್ಟುಡಿಯೊದೊಳಗಿಂದ ರನ್ ಮಾಡಿದಾಗ ಕೆಲಸದ ಫೋಲ್ಡರ್ ಅಂತ ಪರಿಗಣಿಸುವುದು ಪ್ರಾಜೆಕ್ಟ್ ಫೋಲ್ಡರ್ ಅನ್ನು, ಎಕ್ಸಿ ಇರುವ ಫೋಲ್ಡರ್ ಅನ್ನಲ್ಲ. ಹಾಗಾಗಿ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿಟ್ಟ ಚಿತ್ರ ಎಫ್5 ಒತ್ತಿದಾಗ ಕಾಣುತ್ತದೆ, ಎಕ್ಸಿ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಮಾಯ. ಇದಕ್ಕೆ ಒಳ್ಳೆಯ ಪರಿಹಾರ ಎಸ್‌ಡಿಎಲ್‌ನಲ್ಲೇ ಇದೆ. ಎಸ್‌ಡಿಎಲ್_ಗೆಟ್‌ಬೇಸ್‌ಪಾತ್ ಅನ್ನೋ ಫಂಕ್ಷನ್ ಎಕ್ಸಿ ಇರುವ ಫೋಲ್ಡರ್‌ನ ಪಾತ್ ಕೊಡುತ್ತದೆ. ಚಿತ್ರ, ಸದ್ದು ಎಲ್ಲವನ್ನೂ ಅದಕ್ಕೆ ಜೋಡಿಸಿ ಹುಡುಕಿ.

## ಪರೀಕ್ಷೆಗೆ ಒಂದು ಪುಟ್ಟ ಪ್ರೋಗ್ರಾಂ

ದೊಡ್ಡ ಉದಾಹರಣೆ ಈಗಲೇ ಬೇಡ. ಸೆಟಪ್ ಸರಿಯಾಗಿದೆಯಾ ಅಂತ ಹೇಳುವಷ್ಟಿದ್ದರೆ ಸಾಕು.

ಮೇಲೆ ಎರಡು ಇನ್‌ಕ್ಲೂಡ್: ಎಸ್‌ಡಿಎಲ್.ಎಚ್ ಮತ್ತು ಎಸ್‌ಡಿಎಲ್_ಮೇನ್.ಎಚ್, ಎರಡಕ್ಕೂ ಮುಂದೆ ಎಸ್‌ಡಿಎಲ್3 ಸ್ಲ್ಯಾಶ್ ಇರಲಿ. ಎರಡನೆಯದನ್ನು ಮೇನ್ ಫಂಕ್ಷನ್ ಇರುವ ಫೈಲಿನಲ್ಲಿ ಮಾತ್ರ ಹಾಕಬೇಕು, ಎಲ್ಲ ಫೈಲಿಗೂ ಅಲ್ಲ. ಅದು ತೆರೆಮರೆಯಲ್ಲಿ ನಿಮ್ಮ ಮೇನ್ ಹೆಸರನ್ನು ಎಸ್‌ಡಿಎಲ್_ಮೇನ್ ಅಂತ ಬದಲಿಸಿ, ವಿಂಡೋಸ್‌ಗೆ ಬೇಕಾದ ಪ್ರವೇಶದ ಫಂಕ್ಷನ್ ಅನ್ನು ತಾನೇ ಒದಗಿಸುತ್ತದೆ. ಹಾಗಾಗಿ ಮೇನ್‌ಗೆ ಆರ್ಗ್‌ಸಿ, ಆರ್ಗ್‌ವಿ ಎರಡೂ ಕೊಡಲೇಬೇಕು. ಖಾಲಿ ಆವರಣ ಬಿಟ್ಟರೆ ಎಸ್‌ಡಿಎಲ್_ಮೇನ್ ಸಿಗಲಿಲ್ಲ ಅಂತ ಲಿಂಕರ್ ದೂರುತ್ತದೆ, ಎಲ್‌ಎನ್‌ಕೆ2019 ಅಂತ.

ಒಳಗೆ ಮೊದಲು ಎಸ್‌ಡಿಎಲ್_ಇನಿಟ್, ಅದಕ್ಕೆ ವಿಡಿಯೊ ಫ್ಲ್ಯಾಗ್. ಎಸ್‌ಡಿಎಲ್3ರಲ್ಲಿ ಇದು ಗೆದ್ದರೆ ಟ್ರೂ, ಸೋತರೆ ಫಾಲ್ಸ್. ಎಸ್‌ಡಿಎಲ್2ರಲ್ಲಿ ಗೆದ್ದರೆ 0 ಬರುತ್ತಿತ್ತು. ಹಳೆಯ ಕೋಡ್‌ನಿಂದ "ಸೊನ್ನೆ ಅಲ್ಲದಿದ್ದರೆ ಎರರ್" ಅನ್ನೋ ಸಾಲನ್ನು ಹಾಗೇ ತಂದರೆ ಎಲ್ಲ ಸರಿ ಇದ್ದಾಗಲೇ ಪ್ರೋಗ್ರಾಂ ಬಾಗಿಲು ಹಾಕುತ್ತದೆ. ಸೋತಾಗ ಎಸ್‌ಡಿಎಲ್_ಗೆಟ್‌ಎರರ್ ಕೊಡುವ ಸಂದೇಶವನ್ನು ಎಸ್‌ಡಿಎಲ್_ಲಾಗ್ ಮೂಲಕ ಬರೆಸಿ.

ಆಮೇಲೆ ಎಸ್‌ಡಿಎಲ್_ಕ್ರಿಯೇಟ್‌ವಿಂಡೋಆ್ಯಂಡ್‌ರೆಂಡರರ್. ಶೀರ್ಷಿಕೆ, ಅಗಲ 800, ಎತ್ತರ 600, ಫ್ಲ್ಯಾಗ್ 0, ಕೊನೆಗೆ ವಿಂಡೋ ಮತ್ತು ರೆಂಡರರ್ (ವಿಂಡೋದೊಳಗೆ ಚಿತ್ರ ಬಿಡಿಸುವಂಥದ್ದು) ಪಾಯಿಂಟರ್‌ಗಳ ವಿಳಾಸ. ನಂತರ ಒಂದು ಲೂಪ್. ಅದರೊಳಗೆ ಎಸ್‌ಡಿಎಲ್_ಪೋಲ್‌ಇವೆಂಟ್‌ನಿಂದ ಬಂದ ಇವೆಂಟ್‌ಗಳನ್ನೆಲ್ಲ (ಕೀ ಒತ್ತಿದ್ದು, ವಿಂಡೋ ಮುಚ್ಚಿದ್ದು ಮುಂತಾದ ಸುದ್ದಿಗಳು) ತೆಗೆದುಕೊಳ್ಳಿ, ಎಸ್‌ಡಿಎಲ್_ಇವೆಂಟ್_ಕ್ವಿಟ್ ಬಂದರೆ ಹೊರಗೆ ಬನ್ನಿ. ಬಣ್ಣ ಸೆಟ್ ಮಾಡಿ, ಕ್ಲಿಯರ್ ಮಾಡಿ, ಪ್ರೆಸೆಂಟ್ ಮಾಡಿ. ಲೂಪ್ ಬದಲು ಎಸ್‌ಡಿಎಲ್_ಡಿಲೇ ಹಾಕಿ ಕಾಯುವ ಉದಾಹರಣೆಗಳಿವೆ. ಅದರಲ್ಲಿ ಇವೆಂಟ್‌ಗಳನ್ನು ಯಾರೂ ಓದುವುದಿಲ್ಲ, ವಿಂಡೋಸ್ ಸ್ವಲ್ಪ ಹೊತ್ತಿಗೆ ನಾಟ್ ರೆಸ್ಪಾಂಡಿಂಗ್ ಅಂತ ಬರೆಯುತ್ತದೆ. ಕೊನೆಗೆ ರೆಂಡರರ್, ವಿಂಡೋ ಎರಡನ್ನೂ ಡಿಸ್ಟ್ರಾಯ್ ಮಾಡಿ ಎಸ್‌ಡಿಎಲ್_ಕ್ವಿಟ್ ಕರೆಯಿರಿ.

ಇನ್ನೊಂದು ಸಾಲು ಸೇರಿಸಿ ಅಂತ ನನ್ನ ಒತ್ತಾಯ. ಎಸ್‌ಡಿಎಲ್_ವರ್ಷನ್ ಮ್ಯಾಕ್ರೋ, ಎಸ್‌ಡಿಎಲ್_ಗೆಟ್‌ವರ್ಷನ್ ಫಂಕ್ಷನ್, ಎರಡರ ಬೆಲೆಯನ್ನೂ ಲಾಗ್ ಮಾಡಿ. ಮೊದಲನೆಯದು ನೀವು ಕಂಪೈಲ್ ಮಾಡಿದ ಹೆಡರ್‌ನ ಆವೃತ್ತಿ, ಎರಡನೆಯದು ಈಗ ಓಡುತ್ತಿರುವ ಡಿಎಲ್‌ಎಲ್‌ನದು. ಆವೃತ್ತಿ 3.2.10 ಆದರೆ 3002010 ಅಂತ ಬರುತ್ತದೆ. ಎರಡೂ ಒಂದೇ ಇದ್ದರೆ ಹೆಡರ್ ಮತ್ತು ಡಿಎಲ್‌ಎಲ್ ಒಂದೇ ಜಿಪ್‌ನವು ಅಂತ ನಂಬಬಹುದು. ಬೇರೆ ಬೇರೆ ಇದ್ದರೆ ಯಾವುದೋ ಹಳೆಯ ಡಿಎಲ್‌ಎಲ್ ಎಲ್ಲೋ ಅಡಗಿ ಕೂತಿದೆ.

## ಎರರ್ ಬಂದಾಗ

ಸಿ1083, ಹೆಡರ್ ತೆರೆಯಲಾಗುತ್ತಿಲ್ಲ: ಇನ್‌ಕ್ಲೂಡ್ ಪಾತ್ ತಪ್ಪು, ಇಲ್ಲವೇ ಬೇರೆ ಕಾನ್ಫಿಗರೇಷನ್‌ಗೆ ಸೆಟ್ ಆಗಿದೆ. ಎಲ್‌ಎನ್‌ಕೆ1104, ಎಸ್‌ಡಿಎಲ್3.ಲಿಬ್ ತೆರೆಯಲಾಗುತ್ತಿಲ್ಲ: ಹೆಸರು ಹೇಳಿದ್ದೀರಿ, ಫೋಲ್ಡರ್ ಹೇಳಿಲ್ಲ.

ಎಲ್‌ಎನ್‌ಕೆ2019 ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು. ಸಿಗದ ಹೆಸರು ಎಸ್‌ಡಿಎಲ್_ಇನಿಟ್ ತರದ್ದಾದರೆ ಅಡಿಷನಲ್ ಡಿಪೆಂಡೆನ್ಸೀಸ್‌ನಲ್ಲಿ ಲಿಬ್ ಹೆಸರು ಬಿಟ್ಟುಹೋಗಿದೆ. ಆದರೆ ಹೆಸರು ಅಲ್ಲಿ ಇದ್ದೂ ಹತ್ತಾರು ಎಲ್‌ಎನ್‌ಕೆ2019 ಸುರಿದರೆ, ಅವುಗಳ ಮೇಲೆ ಹಳದಿ ಗುರುತಿನ ಒಂದು ವಾರ್ನಿಂಗ್ ಇದೆಯಾ ಹುಡುಕಿ. ಎಲ್‌ಎನ್‌ಕೆ4272. ಲೈಬ್ರರಿ ಎಕ್ಸ್64, ನೀವು ಬಿಲ್ಡ್ ಮಾಡುತ್ತಿರುವುದು ಎಕ್ಸ್86 ಅಂತ ಅದು ಹೇಳುತ್ತಿರುತ್ತದೆ. ಕೆಂಪು ಸಾಲುಗಳನ್ನು ಮಾತ್ರ ಓದುವವರಿಗೆ ಅಸಲಿ ಕಾರಣ ಹೇಳುವ ಈ ಒಂದೇ ಸಾಲು ಕಣ್ಣಿಗೆ ಬೀಳುವುದಿಲ್ಲ. ಟೂಲ್‌ಬಾರ್‌ನಲ್ಲಿ ಎಕ್ಸ್64 ಮಾಡಿದರೆ ಮುಗಿಯಿತು.

ಓಡುವ ಹೊತ್ತಿಗೆ ಎಸ್‌ಡಿಎಲ್3.ಡಿಎಲ್‌ಎಲ್ ಸಿಗಲಿಲ್ಲ ಅಂದರೆ ಕಾಪಿ ಆಗಿಲ್ಲ. 0ಎಕ್ಸ್‌ಸಿ000007ಬಿ ಅನ್ನೋ ಸಂಖ್ಯೆ ಬಂದರೆ ಡಿಎಲ್‌ಎಲ್ ಇದೆ, ಆದರೆ 64 ಬಿಟ್ ಪ್ರೋಗ್ರಾಂಗೆ 32 ಬಿಟ್‌ನದು ಸಿಕ್ಕಿರುವ ಸಾಧ್ಯತೆ ಹೆಚ್ಚು. ಪ್ರೊಸೀಜರ್ ಎಂಟ್ರಿ ಪಾಯಿಂಟ್ ಸಿಗಲಿಲ್ಲ ಅಂದರೆ ಲಿಬ್ ಹೊಸದು, ಡಿಎಲ್‌ಎಲ್ ಹಳೆಯದು.

ಹಳೆಯ ಕೋಡ್ ತಂದು ಹಾಕಿದಾಗ ಬರುವ ಒಂದು ಎರರ್ ನನಗೆ ತುಂಬಾ ಇಷ್ಟ. ಎಸ್‌ಡಿಎಲ್_ಕ್ವಿಟ್ ಅನ್ನೋ ಇವೆಂಟ್‌ನ ಹಳೆಯ ಹೆಸರನ್ನು, ಎಲ್ಲ ದೊಡ್ಡ ಅಕ್ಷರಗಳಲ್ಲಿ ಬರೆದದ್ದನ್ನು, ಬಳಸಿದರೆ ಎರರ್‌ನಲ್ಲಿ ಹಳೆಯ ಹೆಸರು, ನಡುವೆ ರೀನೇಮ್ಡ್, ಆಮೇಲೆ ಹೊಸ ಹೆಸರು, ಹೀಗೆ ಉದ್ದಕ್ಕೆ ಬರುತ್ತದೆ. ಎಸ್‌ಡಿಎಲ್‌ನವರು ಹಳೆಯ ಹೆಸರುಗಳನ್ನೆಲ್ಲ ಬೇಕೆಂದೇ ಹೀಗೆ ಮ್ಯಾಕ್ರೋ ಮಾಡಿಟ್ಟಿದ್ದಾರೆ. ಎರರ್ ಓದಿದರೆ ಉತ್ತರ ಅದರಲ್ಲೇ ಇರುತ್ತದೆ.

## ಚಿತ್ರ, ಅಕ್ಷರ, ಮತ್ತು ಮುಂದಿನ ಪ್ರಾಜೆಕ್ಟ್

ಬಿಎಂಪಿ ಚಿತ್ರ ಓದಲು ಮೂಲ ಎಸ್‌ಡಿಎಲ್ ಸಾಕು. ಜೆಪೆಗ್ ಮುಂತಾದವಕ್ಕೆ ಎಸ್‌ಡಿಎಲ್_ಇಮೇಜ್, ಅಕ್ಷರ ಬರೆಯಲು ಎಸ್‌ಡಿಎಲ್_ಟಿಟಿಎಫ್, ಸಂಗೀತಕ್ಕೆ ಎಸ್‌ಡಿಎಲ್_ಮಿಕ್ಸರ್ ಅಂತ ಜೊತೆ ಲೈಬ್ರರಿಗಳಿವೆ. ಪ್ರತಿಯೊಂದಕ್ಕೂ ಅದೇ ಮೂರು: ಹೆಡರ್ ಪಾತ್, ಲಿಬ್ ಹೆಸರು, ಡಿಎಲ್‌ಎಲ್ ಕಾಪಿ. ಒಂದು ಮಾತು, ಕನ್ನಡದಲ್ಲಿ ಒತ್ತಕ್ಷರ ಸರಿಯಾಗಿ ಬರಬೇಕಾದರೆ ಟಿಟಿಎಫ್ ಲೈಬ್ರರಿ ಹಾರ್ಫ್‌ಬಜ್ (ಅಕ್ಷರಗಳನ್ನು ಸರಿಯಾಗಿ ಕೂಡಿಸುವ ಲೈಬ್ರರಿ) ಬೆಂಬಲದ ಜೊತೆ ಬಿಲ್ಡ್ ಆಗಿರಬೇಕು. ಇಲ್ಲದಿದ್ದರೆ ಅಕ್ಷರಗಳು ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತವೆ.

ಪ್ರತಿ ಹೊಸ ಪ್ರಾಜೆಕ್ಟ್‌ಗೂ ಇಷ್ಟೆಲ್ಲ ಕ್ಲಿಕ್ ಮಾಡಬೇಕಾ? ಬೇಡ. ವ್ಯೂ ಮೆನುವಿನಲ್ಲಿ, ಇಲ್ಲವೇ ಅದರ ಅದರ್ ವಿಂಡೋಸ್‌ನಲ್ಲಿ ಪ್ರಾಪರ್ಟಿ ಮ್ಯಾನೇಜರ್ ಇದೆ. ಅಲ್ಲಿ ಹೊಸ ಪ್ರಾಪರ್ಟಿ ಶೀಟ್ ಮಾಡಿ, ಮೇಲಿನ ಸೆಟ್ಟಿಂಗ್‌ಗಳನ್ನು ಅದರಲ್ಲಿ ಹಾಕಿ ಉಳಿಸಿ. ಮುಂದಿನ ಪ್ರಾಜೆಕ್ಟ್‌ಗೆ ಆ ಪ್ರಾಪ್ಸ್ ಫೈಲನ್ನು ಸೇರಿಸಿದರೆ ಸಾಕು. ಲೈಬ್ರರಿಗಳನ್ನು ತಾನೇ ತಂದು ಜೋಡಿಸುವ ಮೈಕ್ರೊಸಾಫ್ಟ್‌ನ ವಿಸಿಪಿಕೆಜಿ ಬಳಸುವವರಿಗೆ ಇನ್ನೂ ಸುಲಭ. ಒಮ್ಮೆ ಇಂಟಿಗ್ರೇಟ್ ಇನ್‌ಸ್ಟಾಲ್ ಮಾಡಿ, ಎಸ್‌ಡಿಎಲ್3 ಇನ್‌ಸ್ಟಾಲ್ ಮಾಡಿದರೆ ಪಾತ್, ಲಿಬ್, ಡಿಎಲ್‌ಎಲ್ ಮೂರನ್ನೂ ಅದೇ ನೋಡಿಕೊಳ್ಳುತ್ತದೆ. ಆದರೂ ಒಂದು ಸಲ ಕೈಯಾರೆ ಜೋಡಿಸಿದವರಿಗೆ ವಿಸಿಪಿಕೆಜಿ ಕೈಕೊಟ್ಟಾಗ ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತದೆ.

ಲಿನಕ್ಸ್, ಮ್ಯಾಕ್‌ನಲ್ಲೂ ಕೋಡ್ ಓಡಬೇಕು ಅಂದರೆ ಸಿಮೇಕ್ ಕಲಿಯಿರಿ, ಒಂದೇ ಬಿಲ್ಡ್ ವಿವರಣೆಯನ್ನು ಎಲ್ಲ ಕಡೆಗೂ ಬಳಸಲು ಬಿಡುವ ಸಾಧನ ಅದು. ಫೈಂಡ್_ಪ್ಯಾಕೇಜ್‌ನಲ್ಲಿ ಎಸ್‌ಡಿಎಲ್3 ಕೇಳಿ, ಟಾರ್ಗೆಟ್_ಲಿಂಕ್_ಲೈಬ್ರರೀಸ್‌ನಲ್ಲಿ ಎಸ್‌ಡಿಎಲ್3, ಎರಡು ಕೋಲನ್, ಮತ್ತೆ ಎಸ್‌ಡಿಎಲ್3 ಅಂತ ಬರೆದರೆ ಹೆಡರ್ ಪಾತ್ ಕೂಡ ತಾನಾಗೇ ಬರುತ್ತದೆ. ಮ್ಯಾಕ್‌ನಲ್ಲಿ ಹೋಮ್‌ಬ್ರೂ ಮೂಲಕ, ಲಿನಕ್ಸ್‌ನಲ್ಲಿ ಹೆಸರಿನಲ್ಲಿ ಡೆವ್ ಅಥವಾ ಡೆವೆಲ್ ಇರುವ ಪ್ಯಾಕೇಜ್ ಮೂಲಕ ಲೈಬ್ರರಿ ಹಾಕಿಕೊಳ್ಳಿ.

## ಬೇರೆಯವರಿಗೆ ಕಳಿಸುವ ಮುನ್ನ

ಡೀಬಗ್ ಬಿಲ್ಡ್ ಕಳಿಸಬೇಡಿ. ಅದಕ್ಕೆ ವಿಷುಯಲ್ ಸ್ಟುಡಿಯೊದ ಡೀಬಗ್ ರನ್‌ಟೈಮ್ ಬೇಕು, ವಿಷುಯಲ್ ಸ್ಟುಡಿಯೊ ಇಲ್ಲದವರ ಕಂಪ್ಯೂಟರ್‌ನಲ್ಲಿ ಅದು ಇರುವುದಿಲ್ಲ, ಹಂಚಲು ಅನುಮತಿಯೂ ಇಲ್ಲ. ರಿಲೀಸ್‌ನಲ್ಲಿ ಬಿಲ್ಡ್ ಮಾಡಿ. ಹೊಸ ಫೋಲ್ಡರ್‌ಗೆ ಎಕ್ಸಿ, ಎಸ್‌ಡಿಎಲ್3.ಡಿಎಲ್‌ಎಲ್, ಬಳಸಿದ ಜೊತೆ ಲೈಬ್ರರಿಗಳ ಡಿಎಲ್‌ಎಲ್, ಚಿತ್ರ ಮತ್ತು ಸದ್ದಿನ ಫೈಲುಗಳನ್ನು ಹಾಕಿ. ಮೈಕ್ರೊಸಾಫ್ಟ್‌ನ ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಕೂಡ ಬೇಕಾಗಬಹುದು. ಆ ಫೋಲ್ಡರನ್ನು ವಿಷುಯಲ್ ಸ್ಟುಡಿಯೊ ಹಾಕಿಲ್ಲದ ಬೇರೊಂದು ಕಂಪ್ಯೂಟರ್‌ಗೆ ಒಯ್ದು ಎಕ್ಸಿ ಮೇಲೆ ಡಬಲ್ ಕ್ಲಿಕ್ ಮಾಡಿ ನೋಡಿ. ಅಲ್ಲಿ ಓಡಿದರೆ ಜಿಪ್ ಮಾಡಿ ಕಳಿಸಬಹುದು.